ಹೆಚ್ಚಿನ ನಾಲ್ಕು ಕಿಲೋ

ಭಾನುವಾರ, ಮಾರ್ಚ್ ೮

ನನ್ನ ಪುಟ್ಟಿಗೆ,

ಹೇಗಿದ್ದೀಯ? ನಿನ್ನ ಪತ್ರ ಬಂದು ತಿಂಗಳಾಯಿತು. ಪರೀಕ್ಷೆ ಇತ್ತು, ಪೇಪರ್ ತಿದ್ದುವುದಿತ್ತು ಎಂದು ನೆಪ ಹೇಳಬಹುದು, ಆದರೆ ನಿನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ಇದು ನಾಲ್ಕನೆಯದು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಬೈಯಬೇಡ.

ಅಪ್ಪ ಚೆನ್ನಾಗಿದ್ದಾರೆ. ಡಾಕ್ಟರ್ ಹೇಳಿದ ಮೇಲೆ ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗುತ್ತಾರೆ. ಎರಡು ಸುತ್ತು ಪಾರ್ಕಿನಲ್ಲಿ, ಮೂರನೆಯದು ಬೇಕರಿಯವರೆಗೆ. ಅಂಗಿಯ ಮೇಲೆ ಬನ್ನಿನ ಪುಡಿ ಬಿದ್ದದ್ದನ್ನು ತೋರಿಸಿದರೆ, "ಪಾರಿವಾಳಕ್ಕೆ ಹಾಕ್ತಿದ್ದೆ ಕಣೇ" ಎನ್ನುತ್ತಾರೆ. ಪಾರಿವಾಳಗಳು ಇವರ ಎದೆಯ ಮೇಲೆ ಕೂತು ತಿನ್ನುತ್ತವೆಯೋ ಏನೋ.

ನೀನು ರಜೆಗೆ ಒಂದು ವಾರ ಬರುತ್ತೀಯ ಎಂದು ಓದಿ ಹಾಲು ಕುಡಿದಷ್ಟು ಸಂತೋಷವಾಯಿತು. ಅದರ ಕೆಳಗೇ "ನನ್ನ ಅಡುಗೆ ನಾನೇ ಮಾಡ್ಕೋತೀನಿ, ನನ್ನ ತಕ್ಕಡಿ ತರ್ತೀನಿ" ಎಂದು ಬರೆದಿದ್ದೀಯ. ಹೋದ ಸಲ ನೀನು ಅನ್ನವನ್ನು ಆ ಪುಟ್ಟ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ, ತಟ್ಟೆ ತೆಗೆದುಕೊಂಡು ನಿನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ನಾನು, ಅಪ್ಪ ಮೇಜಿನ ಎದುರು ಮುಖ ಮುಖ ನೋಡಿಕೊಂಡು ಕೂತೆವು. ಈ ಸಲ ತಕ್ಕಡಿ ತರಬೇಡ ಮಗಳೇ. ನಮ್ಮ ಜೊತೆ ಕೂತು ಒಂದು ತುತ್ತು ತಿನ್ನು.

ಸ್ಕೂಲಿನಲ್ಲಿ ಒಂದು ಘಟನೆ ನಡೆಯಿತು. ಅದನ್ನು ಹೇಳಲೆಂದೇ ಇವತ್ತು ಕೂತಿದ್ದೇನೆ.

ಜನವರಿಯಲ್ಲಿ ಎಂಟನೇ ತರಗತಿಗೆ ಆಹಾರ ಮತ್ತು ದೇಹತೂಕದ ಪಾಠ ಬಂತು. ಸ್ಕೂಲಿನ ತೂಕದ ಯಂತ್ರ ಕೆಟ್ಟಿತ್ತು. ಡ್ರಿಲ್ ಮಾಸ್ತರರು ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡೇ ಅದರ ಮೇಲೆ ಹತ್ತಿದ್ದರು, ಪಾಪ ಅದು ಕೈ ಮುಗಿಯಿತು. ಹಾಗಾಗಿ ನಮ್ಮ ಮನೆಯದನ್ನೇ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಒಯ್ದೆ. ನಿನಗೆ ನೆನಪಿರಬಹುದು, ಹಸಿರು ಬಣ್ಣದ್ದು, ಮುಳ್ಳಿನದು. ಹತ್ತನೇ ತರಗತಿಯಲ್ಲಿ ಪ್ರತಿ ಭಾನುವಾರ ನೀನು ಅದರ ಮೇಲೆ ನಿಲ್ಲುತ್ತಿದ್ದೆ. ಒಂದು ಗ್ರಾಮೂ ಹೆಚ್ಚಾಗಬಾರದೆಂದು ಬಳೆ ತೆಗೆದು, ಕನ್ನಡಕವನ್ನೂ ತೆಗೆದು ನನ್ನ ಕೈಗೆ ಕೊಡುತ್ತಿದ್ದೆ.

ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ಒಬ್ಬೊಬ್ಬರಾಗಿ ಹತ್ತುವುದು, ನಾನು ಅಂಕಿಯನ್ನು ಗಟ್ಟಿಯಾಗಿ ಓದುವುದು, ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯುವುದು. ಇಪ್ಪತ್ತೆರಡು ವರ್ಷ ಹೀಗೇ ಮಾಡಿದ್ದೇನೆ. ಈ ಸಲ ಮೂವತ್ತೆಂಟು ಮಕ್ಕಳಲ್ಲಿ ಹನ್ನೊಂದು ಜನ 'ಹೆಚ್ಚು' ಎಂಬ ಸಾಲಿಗೆ ಬಂದರು. ನನಗೂ ಆಶ್ಚರ್ಯವಾಯಿತು, ಆದರೆ ತಪ್ಪನ್ನೆಲ್ಲ ಕ್ಯಾಂಟೀನಿನ ಚಿಪ್ಸಿನ ತಲೆಗೆ ಕಟ್ಟಿ ಅರ್ಧ ಗಂಟೆ ಭಾಷಣ ಬಿಗಿದೆ.

ಆ ಹನ್ನೊಂದರಲ್ಲಿ ಒಬ್ಬಳು ಓಟದ ಹುಡುಗಿ. ಎಲ್ಲರೂ ಜಿಂಕೆ ಎಂದೇ ಕರೆಯುತ್ತಾರೆ. ಬೋರ್ಡಿನ ಮೇಲೆ ಅವಳ ಅಂಕಿ ಬಿದ್ದಾಗ ಹಿಂದಿನಿಂದ ಯಾರೋ "ಜಿಂಕೆ ಅಲ್ಲ, ಆನೆಮರಿ" ಎಂದರು. ಕ್ಲಾಸೆಲ್ಲ ನಕ್ಕಿತು. ನಿಜ ಹೇಳುತ್ತೇನೆ, ನನ್ನ ತುಟಿಯಲ್ಲೂ ನಗು ಬಂದಿತ್ತು.

ಎರಡು ವಾರದ ಮೇಲೆ ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ಓದುವ ಪಾಠ. ಮನೆಯಿಂದ ಖಾಲಿ ಡಬ್ಬ, ಪ್ಯಾಕೆಟ್ಟು ತನ್ನಿ ಎಂದಿದ್ದೆ. ಬಿಸ್ಕತ್ತಿನ ಪ್ಯಾಕೆಟ್ಟಿನಲ್ಲಿ ಸಕ್ಕರೆಯ ಲೆಕ್ಕ ಎರಡೇ ಬಿಸ್ಕತ್ತಿಗೆ ಕೊಟ್ಟಿರುತ್ತಾರೆ ಎಂದು ತೋರಿಸಿದರೆ ಒಬ್ಬ ಎದ್ದು, "ಎರಡಕ್ಕೆ ನಿಲ್ಲಿಸೋರು ಯಾರು ಮಿಸ್?" ಎಂದ. ಮೇಜಿನ ಮೇಲಿನ ರಾಶಿಯಲ್ಲಿ ಒಂದು ಪುಡಿಯ ಡಬ್ಬ ಇತ್ತು. ಮುಂದೆ 'ಹದಿನೈದೇ ದಿನದಲ್ಲಿ ತೆಳ್ಳಗೆ' ಎಂದು ದಪ್ಪ ಅಕ್ಷರ. ಹಿಂದೆ ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಂತೆ ಪದಾರ್ಥಗಳ ಪಟ್ಟಿ. ಎಲ್ಲಕ್ಕಿಂತ ಹೆಚ್ಚಿರುವುದನ್ನು ಮೊದಲು ಬರೆಯುತ್ತಾರೆ ಎಂದು ಹೇಳಿ ಓದಿಸಿದೆ. ಮೊದಲನೆಯದು ಸಕ್ಕರೆ, ಕೊನೆಯದು ಭೇದಿ ಮಾಡಿಸುವ ಒಂದು ಎಲೆ. "ಇದನ್ನ ಯಾವ ಬುದ್ಧಿವಂತರು ಕೊಂಡ್ರಪ್ಪಾ?" ಎಂದು ತಮಾಷೆ ಮಾಡಿದೆ. ಜಿಂಕೆ ತಲೆ ತಗ್ಗಿಸಿ ಕೂತಿದ್ದಳು.

ಮೂರನೆಯ ದಿನ ಅವಳು ಮೈದಾನದಲ್ಲಿ ಓಡುತ್ತಾ ತಲೆ ಸುತ್ತಿ ಬಿದ್ದಳು. ಗಲ್ಲ ತರಚಿತ್ತು, ಅಷ್ಟೇ, ದೇವರು ದೊಡ್ಡವನು. ವಿಚಾರಿಸಿದರೆ, ತೂಕ ನೋಡಿದ ಮರುದಿನದಿಂದಲೇ ಮಧ್ಯಾಹ್ನದ ಊಟವನ್ನು ಪಕ್ಕದವಳಿಗೆ ಕೊಟ್ಟು ತಾನು ಆ ಪುಡಿ ಕುಡಿಯುತ್ತಿದ್ದಳಂತೆ. ಅವಳ ತಾಯಿ ಬಟ್ಟೆ ಹೊಲಿಯುವವರು. ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಅಂಗಡಿಯಿಂದ ಓಡಿ ಬಂದರು.

"ಮಿಸ್, ನನ್ನ ಮಗಳ ಅಳತೆ ನಂಗೆ ಗೊತ್ತು" ಎಂದರು. "ಯೂನಿಫಾರ್ಮ್ ಹೊಲಿಯೋಳು ನಾನೇ. ಒಂದು ವರ್ಷದಿಂದ ಸೊಂಟ ಅರ್ಧ ಇಂಚೂ ಜಾಸ್ತಿ ಆಗಿಲ್ಲ. ಅದ್ಹೇಗೆ ದಪ್ಪ ಆದ್ಲು? ಆ ಯಂತ್ರ ಎಲ್ಲಿದೆ, ತೋರಿಸಿ."

ಅವರು ನೇರ ಕ್ಯಾಂಟೀನಿಗೆ ಹೋಗಿ, ಹೊಲಿಗೆ ಬಿಚ್ಚದ ಹತ್ತು ಕಿಲೋ ಅಕ್ಕಿ ಚೀಲ ಹೊತ್ತು ತಂದು ಯಂತ್ರದ ಮೇಲಿಟ್ಟರು. ಮುಳ್ಳು ಹದಿನಾಲ್ಕಕ್ಕೆ ಹೋಗಿ ನಿಂತಿತು.

"ಅಕ್ಕೀಗೂ ಬೊಜ್ಜು ಬಂತಾ ಮಿಸ್?"

ಚೀಲ ಇಳಿಸಿದರೆ ಮುಳ್ಳು ಸೊನ್ನೆಗೆ ಬರಲಿಲ್ಲ, ನಾಲ್ಕರಲ್ಲೇ ಇತ್ತು. ಯಾರೂ ಹತ್ತದ ಯಂತ್ರವನ್ನು ಯಾರು ನೋಡುತ್ತಾರೆ? ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಳೇ ಯಂತ್ರ, ಸ್ಪ್ರಿಂಗ್ ಸಡಿಲವಾಗಿದೆ ಎಂದು ತೊದಲಿದೆ. ಅವರು ತಣ್ಣಗಾದರು. "ಹೋಗ್ಲಿ ಬಿಡಿ, ಯಂತ್ರ ತಾನೆ, ನೀವೇನು ಮಾಡಕ್ಕಾಗತ್ತೆ" ಎಂದು ನನಗೇ ಸಮಾಧಾನ ಹೇಳಿ ಮಗಳ ಕೈ ಹಿಡಿದು ಹೋದರು.

ಆಮೇಲೆ ಕ್ಲಿನಿಕ್ಕಿನಿಂದ ಯಂತ್ರ ತರಿಸಿದೆ. ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ ಕರೆದು ತೂಗಿದೆ, ಅಂಕಿಯನ್ನು ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಟ್ಟೆ. ಹನ್ನೊಂದು ಜನ ಮೂವರಾದರು. ತೂಕ ಎಂದರೆ ಬರೀ ಕೊಬ್ಬಲ್ಲ, ಮೂಳೆ, ರಕ್ತ, ಓಡುವವರ ತೊಡೆಯ ಮಾಂಸಖಂಡ ಎಲ್ಲ ಸೇರಿ ಅಂಕಿಯಾಗುತ್ತದೆ, ಬೆಳೆಯುವ ವಯಸ್ಸಿನಲ್ಲಿ ಅದು ಏರಲೇಬೇಕು ಎಂದು ಹೇಳಿದೆ. ಪುಸ್ತಕದಲ್ಲಿ ಮೊದಲಿನಿಂದಲೂ ಇದ್ದ ಮಾತು. ನಾನೇ ಆ ಪುಟವನ್ನು ಬೇಗ ಬೇಗ ಮುಗಿಸುತ್ತಿದ್ದೆ.

ಜಿಂಕೆ ಈಗ ಮಧ್ಯಾಹ್ನ ನನ್ನ ಕೋಣೆಗೆ ಬಂದು ಕೂರುತ್ತಾಳೆ. ಮೊದಲ ವಾರ ಡಬ್ಬಿ ತೆರೆದು ಸುಮ್ಮನೆ ನೋಡುತ್ತಿದ್ದಳು. ನಾನು ತಿನ್ನು ಎಂದು ಒಂದು ಸಲವೂ ಅನ್ನಲಿಲ್ಲ, ನನ್ನ ಪಾಡಿಗೆ ನಾನು ಉಂಡೆ. ಮೊನ್ನೆ ಶುಕ್ರವಾರ ಅವಳೇ ಅರ್ಧ ಮೊಟ್ಟೆ ನನ್ನ ತಟ್ಟೆಗೆ ಹಾಕಿ, "ಮಿಸ್, ನಿಮ್ದು ಬರೀ ಅನ್ನ. ಪ್ರೋಟೀನ್ ಎಲ್ಲಿ?" ಎಂದಳು. ನನ್ನ ಪಾಠ ನನಗೇ. ನಕ್ಕೆ, ಆಮೇಲೆ ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಅತ್ತೆ.

ಬಾ ಪುಟ್ಟಿ. ನಿನ್ನ ನಕ್ಷೆಗಳ ಗೆರೆ ಎಂದೂ ಸೊಟ್ಟಗಾಗದಿರಲಿ, ಕಚೇರಿಯಲ್ಲಿ ಎಲ್ಲರೂ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ಹೊಟ್ಟೆ ತಣ್ಣಗಿರಲಿ. ಅಪ್ಪನೂ ಹರಸಿದ್ದಾರೆ, ಬಾಯಲ್ಲಿ ಬನ್ನು ಇದ್ದುದರಿಂದ ಕೈಯೆತ್ತಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಮೂರು ಸಲ ಹರಿದದ್ದು ಇದಕ್ಕೇ. ಸ್ಪ್ರಿಂಗ್ ಸರಿಯಾಗಿಯೇ ಇದೆ. ಯಂತ್ರದ ಕೆಳಗೆ ಒಂದು ತಿರುಪು ಇದೆ, ಒಂಬತ್ತು ವರ್ಷದ ಹಿಂದೆ ಅದನ್ನು ತಿರುಗಿಸಿದವಳು ನಾನು. ಆಗ ಸ್ಟಾಫ್ ರೂಮಿನಲ್ಲಿ ಯಾರೋ, "ಊರ ಮಕ್ಕಳಿಗೆಲ್ಲ ಪಾಠ ಹೇಳ್ತಾರೆ, ಅವರ ಮಗಳನ್ನ ನೋಡಿ" ಎಂದು ನಕ್ಕಿದ್ದರು. ನಾಲ್ಕು ಕಿಲೋ ಹೆಚ್ಚು ತೋರಿಸಿದರೆ ನೀನು ಸ್ವಲ್ಪ ಎಚ್ಚರವಾಗುತ್ತೀಯ ಎಂದುಕೊಂಡೆ. ಕನ್ನಡಕವಿಲ್ಲದೆ ನಿನಗೆ ಮುಳ್ಳು ಕಾಣುತ್ತಿರಲಿಲ್ಲ, ಅಂಕಿ ಓದುತ್ತಿದ್ದವಳೂ ನಾನೇ. ಐವತ್ತೆರಡು ಕಿಲೋ ಇದ್ದ ನಿನಗೆ ಪ್ರತಿ ಭಾನುವಾರ ಐವತ್ತಾರು ಎಂದು ಹೇಳಿದೆ. ನೀನು ಹಾಸ್ಟೆಲಿಗೆ ಹೋದ ಮೇಲೆ ಯಂತ್ರವನ್ನು ಅಟ್ಟಕ್ಕೆ ಹಾಕಿ, ತಿರುಪಿನ ವಿಷಯ ಮರೆತೇಬಿಟ್ಟೆ. ನೀನು ಇನ್ನೂ ಅನ್ನ ತೂಗುತ್ತಿದ್ದೀಯ.

ನಾಳೆ ಹೊಲಿಗೆ ಅಂಗಡಿಗೆ ಹೋಗಿ ಅವರಿಗೂ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು. ತಕ್ಕಡಿ ತರಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕು. ತಾ. ನಿನ್ನ ಕೋಣೆಯಲ್ಲೇ ಊಟ ಮಾಡು, ನಾನು ಏನೂ ಅನ್ನುವುದಿಲ್ಲ. ಬಾ, ಅಷ್ಟೇ.