ಮುಂದಿನ ರೀಲಿನಾಗ ಬರ್ತಾಳ

ಕಂಪ್ಲಿ
೧೨ ಫೆಬ್ರವರಿ ೨೦೦೭, ಸೋಮವಾರ

ಯವ್ವಾ ರೇಣುಕಾ,

ದೋಣಿಮಲೈಯಲ್ಲಿ ನೀನು, ಅಳಿಯಂದಿರು, ಮೊಮ್ಮಗಳು ಸುಖವಾಗಿದ್ದೀರಿ ಎಂದು ನಂಬಿಕೊಂಡೇ ಈ ಕಾಗದ ಶುರು ಮಾಡಿದ್ದೇನೆ. ಸುಖವಾಗಿಲ್ಲದಿದ್ದರೆ ಮೊದಲು ಅದನ್ನು ತಿಳಿಸು, ಉಳಿದದ್ದು ಆಮೇಲೆ ಓದು. ಸಂಕ್ರಾಂತಿಗೆ ನೀನು ಹಾಕಿದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಮೂರು ಸಲ ಬರೆದು ಹರಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಕಂಪನಿ ಶಾಲೆಯಲ್ಲಿ ಪಾಠ ಹೇಳುವವಳು ನೀನು. ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತೀಯೇನೋ ಅಂತ ಒಂದೊಂದು ಸಾಲನ್ನೂ ಎರಡೆರಡು ಸಲ ಓದುತ್ತೇನೆ. ಫೋನು ಮಾಡು ಅಂತ ನಂಬರು ಕೊಟ್ಟಿದ್ದೀ, ಖರೆ. ಆದರೆ ಫೋನಿನಲ್ಲಿ ನನಗೆ "ಊಟ ಆತೇನವಾ" ಅನ್ನುವುದು ಬಿಟ್ಟು ಮುಂದಕ್ಕೆ ಮಾತು ಏಳುವುದಿಲ್ಲ.

ಮೊದಲು ಸುದ್ದಿ ಹೇಳುತ್ತೇನೆ. ನಮ್ಮ ಟಾಕೀಸು ಮುಚ್ಚುತ್ತಿದೆ. ಅದಿರು ಲಾರಿಯವರಿಗೆ ಜಾಗ ಕೊಟ್ಟಾಯಿತಂತೆ. ಹೋದ ವಾರ ಸಾಹುಕಾರ್ ಗೋಪೀನಾಥರಾಯರು ನನ್ನ ಪ್ರೊಜೆಕ್ಟರ್ ಕ್ಯಾಬಿನ್ನಿನ ಮೆಟ್ಟಿಲ ತನಕ ತಾವೇ ಬಂದು ಹೇಳಿದರು.

"ಗವಿಸಿದ್ದಪ್ಪ, ಇಲ್ಲಿ ಹದಿನಾರು ಲಾರಿ ನಿಲ್ತಾವ. ನೀನ ಹೇಳು, ನಿನ್ನ ಆಟಕ್ಕ ಹದಿನಾರು ಮಂದಿ ಬರ್ತಾರೇನು?"

"ನಿನ್ನಿ ಹದಿನೆಂಟು ಮಂದಿ ಬಂದಿದ್ರು ಸ್ವಾಮಿ" ಅಂದೆ.

"ಅದರಾಗ ನಾಕು ಮಂದಿ ಫ್ಯಾನಿನ ಕೆಳಗ ಮಲಕ್ಕೊಳ್ಳಾಕ ಬಂದೋರು" ಅಂತ ಹಿಂದಿನಿಂದ ಪಕೀರಮ್ಮ ಹೇಳಿಬಿಟ್ಟಳು. ನಿನಗೆ ನೆನಪಿದೆಯಲ್ಲ, ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುವ ಪಕೀರಮ್ಮ. ಹಲ್ಲು ಹೋಗಿವೆ, ಬಾಯಿ ಹೋಗಿಲ್ಲ. ರಾಯರು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಕಡೀ ಆಟ ನಿನಗ ಬೇಕಾದ್ದು ಹಾಕ್ಕೋ" ಅಂದರು.

ನಾನು ಯಾವುದು ಅಂದೆನೆಂದು ನಿನಗೆ ಗೊತ್ತಾಗಿರಬೇಕು. ಹರಿಗೋಲಿನ ಪಿಚ್ಚರ್. ಅದರ ನಿಜವಾದ ಹೆಸರು ಈ ಊರಲ್ಲಿ ಯಾರೂ ಹೇಳುವುದಿಲ್ಲ.

ಈಗ ನಿನ್ನ ಬರಹದ ವಿಚಾರ. ಹೊಸಪೇಟೆಯ ವಾರಪತ್ರಿಕೆಯಲ್ಲಿ ನೀನು ಹಳೇ ಪಿಚ್ಚರ್‌ಗಳ ಬಗ್ಗೆ ಬರೆಯುವುದನ್ನು ನಾನು ಒಂದೂ ಬಿಟ್ಟಿಲ್ಲ. ಹೋಟೆಲ್ ಪಾಲಪ್ಪ ಬಜ್ಜಿ ಕಟ್ಟುವ ಮೊದಲು ಆ ಹಾಳೆಯನ್ನು ನನಗಾಗಿ ತೆಗೆದಿಡುತ್ತಾನೆ. ಹೋದ ವರ್ಷ ಹೊಸಪೇಟೆಯಲ್ಲಿ ಹರಿಗೋಲಿನ ಪಿಚ್ಚರನ್ನು ಬೆಳಗಿನ ಆಟಕ್ಕೆ ಹಾಕಿದಾಗ ನೀನು ಹೋಗಿ ನೋಡಿ ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹಂಪಿಯ ಕಲ್ಲಿನ ರಥದ ಮುಂದೆ ಶುರುವಾದ ಹಾಡು, ನಾಯಕಿ ಒಂದು ಸುತ್ತು ತಿರುಗುವುದರೊಳಗೆ ಡ್ಯಾಮಿನ ತೋಟದಲ್ಲಿ ಮುಗಿಯುತ್ತದೆ ಅಂತ ಬರೆದಿದ್ದೀ. ನಿಜ, ನಡುವೆ ಇಡೀ ಹೊಸಪೇಟೆ ಇದೆ. ಇಲ್ಲಿ ಮೊದಲನೇ ದಿನವೇ ಪಕೀರಮ್ಮ, "ಯಾ ಬಸ್ಸಿಗೆ ಬಂದ್ಲಲೇ ಆಕಿ, ಇಷ್ಟ ಜಲ್ದಿ?" ಅಂತ ಕೂಗಿ ಹೆಂಗಸರ ಬೆಂಚನ್ನೆಲ್ಲ ನಗಿಸಿದ್ದಳು. ನಾಯಕನ ಎಡಗೈಗೆ ಬಿದ್ದ ಪೆಟ್ಟಿನ ಪಟ್ಟಿ ಹೊಳೆ ದಾಟುವುದರಲ್ಲಿ ಬಲಗೈಗೆ ಬಂದಿರುತ್ತದೆ. ಅದೂ ನಿಜ. ಆ ಕಾಲದಲ್ಲಿ ಒಂದು ಪೇಪರಿನವರು "ಎರಡೂವರೆ ತಾಸಿನ ಶಿಕ್ಷೆ" ಅಂತ ಬರೆದರೆ, ಇನ್ನೊಂದರವರು ಹೊಳೆಯ ದೃಶ್ಯಗಳನ್ನು ಹೊಗಳಿದ್ದರು. ಸಂಡೂರಿನಲ್ಲಿ ಒಂದೇ ವಾರಕ್ಕೆ ಎತ್ತಿದರು. ನಮ್ಮಲ್ಲಿ ಐದು ವಾರ ಓಡಿತು.

ತಪ್ಪುಗಳು ನನಗೂ ಕಾಣುತ್ತವೆ ಯವ್ವಾ. ನಲವತ್ತು ವರ್ಷ ಸಣ್ಣ ಕಿಂಡಿಯಿಂದ ನೋಡಿದವನು ನಾನು. ಆದರೆ ಆ ಪಿಚ್ಚರಿನ ತಾಯಿ ದಂಡೆಯಲ್ಲಿ ನಿಂತು ಮಗನ ಹರಿಗೋಲನ್ನು ನೀರಿಗೆ ನೂಕುತ್ತಾಳಲ್ಲ, ನೂಕಿ, ಒದ್ದೆ ಸೆರಗಿನ ತುದಿ ಹಿಂಡುತ್ತಾಳಲ್ಲ, ಅಷ್ಟಕ್ಕಾಗಿ ಉಳಿದ ಹದಿನೈದು ರೀಲನ್ನು ನಾನು ಮಾಫಿ ಮಾಡಿದ್ದೇನೆ. ಒಳ್ಳೆಯ ಪಿಚ್ಚರ್ ಎಷ್ಟೋ ಬಂದು ಹೋದವು. ಅವುಗಳ ಡಬ್ಬಿ ಮುಚ್ಚಿದ ಮೇಲೆ ನನಗೆ ಏನೂ ಆಗಲಿಲ್ಲ.

ನೀನೂ ಕೊನೆಗೆ "ಆದರೂ ಈ ಚಿತ್ರ ನನಗೆ ಇಷ್ಟ, ಯಾಕೆಂದು ಗೊತ್ತಿಲ್ಲ" ಅಂತ ಬರೆದೆ. ಅದನ್ನು ಓದಿದ ದಿನ ಪಾಲಪ್ಪನ ಹೋಟೆಲಿನಲ್ಲಿ ಎರಡು ಚಾ ಕುಡಿದೆ. ಆದರೆ ಅದಕ್ಕಿಂತ ಮೇಲಿನ ಸಾಲು ನನ್ನನ್ನು ಇಷ್ಟು ತಿಂಗಳು ತಿನ್ನುತ್ತಿದೆ. "ಮಧ್ಯಂತರದ ನಂತರ ತಾಯಿ ಕಾಣೆಯಾಗುತ್ತಾಳೆ. ಯಾರೂ ಅವಳನ್ನು ಕೇಳುವುದಿಲ್ಲ, ಯಾರೂ ಅಳುವುದಿಲ್ಲ. ನಿರ್ದೇಶಕರ ಉಳಿದ ತಪ್ಪುಗಳನ್ನು ನಕ್ಕು ಬಿಡಬಹುದು, ಇದನ್ನು ಕ್ಷಮಿಸಲಾಗದು."

ಮರುದಿನ ಪಾಲಪ್ಪ ಆ ಸಾಲನ್ನು ಗಟ್ಟಿಯಾಗಿ ಓದಿದ. ಕೇಳಿಸಿಕೊಂಡ ಪಕೀರಮ್ಮ ನನ್ನ ಕಡೆ ತಿರುಗಿ, "ಕೇಳಿದೇನಲೇ ಗವಿಸಿದ್ದಾ? ನಾ ಕೇಳಿ ಕೇಳಿ ಸಾಕಾದೆ, ಈಗ ನಿನ್ನ ಮಗಳೂ ಕೇಳಾಕತ್ಯಾಳ. ಇನ್ನರ ಹೇಳೋ ಮಾರಾಯ" ಅಂದಳು. ನಾನು ಚಾ ಅರ್ಧಕ್ಕೆ ಬಿಟ್ಟು ಎದ್ದುಬಂದೆ.

ಯವ್ವಾ, ಆ ತಪ್ಪು ನಿರ್ದೇಶಕನದಲ್ಲ. ನನ್ನದು. ಆ ತಾಯಿ ಹತ್ತನೇ ರೀಲಿನಲ್ಲಿ ಜ್ವರ ಬಂದು ಸಾಯುತ್ತಾಳೆ. ಮಗ ಅಳುತ್ತಾನೆ, ಊರು ಅಳುತ್ತದೆ. ಅದನ್ನೆಲ್ಲ ನಾನು ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಹದಿನಾಲ್ಕನೇ ರೀಲಿನಲ್ಲಿ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ, ಅದನ್ನೂ ತೆಗೆದೆ. ಆಟ ಮುಗಿದ ಮೇಲೆ ತಿರುಗಿ ಜೋಡಿಸಿ ಕಳಿಸಬೇಕಾದದ್ದು ಆಪರೇಟರನ ಧರ್ಮ. ನಾನು ಜೋಡಿಸಲಿಲ್ಲ. ನಮ್ಮ ಸೀಮೆಗೆ ಇದ್ದದ್ದು ಅದೊಂದೇ ಪ್ರಿಂಟು. ಆಮೇಲೆ ಅದು ಊರೂರು ತಿರುಗಿ, ಕಡೆಗೆ ಹೊಸಪೇಟೆಯಲ್ಲಿ ನಿನ್ನ ಕಣ್ಣಿಗೂ ಹಾಗೇ ಬಿತ್ತು. ಆ ನಿರ್ದೇಶಕ ಯಾರೋ, ಎಲ್ಲಿದ್ದಾನೋ, ಇಪ್ಪತ್ತಾರು ವರ್ಷದಿಂದ ನನ್ನ ಪಾಲಿನ ಬೈಗುಳ ತಿನ್ನುತ್ತಿದ್ದಾನೆ. ಯಾಕೆ ಕತ್ತರಿಸಿದೆ ಅಂತ ನೀನು ಬಂದಾಗ ಹೇಳುತ್ತೇನೆ.

ಬರುತ್ತೀಯಲ್ಲ? ಶಿವರಾತ್ರಿ ಆದಮೇಲೆ, ೨೫ನೇ ತಾರೀಖು ಭಾನುವಾರ, ಮಧ್ಯಾಹ್ನದ ಆಟ. ನಿನಗೆ ರಜೆ ಇರುತ್ತದೆ. ಕತ್ತರಿಸಿದ ಸುರುಳಿ ನನ್ನ ಹತ್ತಿರ ಬೋರ್ನ್‌ವಿಟಾ ಡಬ್ಬಿಯಲ್ಲಿದೆ, ಪ್ರಿಂಟು ಹೊಸಪೇಟೆಯಿಂದ ಬಂದು ನಮ್ಮ ಟಾಕೀಸಿನ ಗೋದಾಮಿನಲ್ಲಿದೆ. ಎರಡನ್ನೂ ಕೂಡಿಸಿ ಕಂಪ್ಲಿಯಲ್ಲಿ ಮೊದಲನೇ ಸಲ ಆ ಪಿಚ್ಚರನ್ನು ಪೂರ್ತಿ ತೋರಿಸುತ್ತೇನೆ. ಸಂಡೂರಿನಿಂದ ಹೊಸಪೇಟೆಯ ತನಕ ಲಾರಿಗಳ ಸಾಲು ಇರುತ್ತದೆ, ಬೆಳಿಗ್ಗೆ ಏಳಕ್ಕೇ ಹೊರಡು. ಕಿಟಕಿಯ ಪಕ್ಕ ಕೂರಬೇಡ. ಕೂತರೂ ಕೈ ಹೊರಗೆ ಇಡಬೇಡ. ಆ ಕೆಂಪು ಧೂಳು ಎದೆಗೆ ಇಳಿಯುತ್ತದಂತೆ, ಮೂಗಿಗೆ ಸೆರಗು ಕಟ್ಟಿಕೋ. ಮೊಮ್ಮಗಳನ್ನು ಕರೆತರುವುದಾದರೆ ನೀರಿನ ಬಾಟಲಿ ಮರೆಯಬೇಡ. ಅಥವಾ ಆಕೆಯನ್ನು ಬಿಟ್ಟು ಬಾ. ಅಥವಾ ಕರೆದುಕೊಂಡೇ ಬಾ. ನನಗೆ ತಿಳಿಯುವುದಿಲ್ಲ, ನಿನಗೆ ಹೇಗೆ ಕಂಡರೆ ಹಾಗೆ ಮಾಡು. ಬರಲಾಗದಿದ್ದರೆ ಒಂದು ಕಾರ್ಡು ಹಾಕು, ಇಲ್ಲದಿದ್ದರೆ ದಾರಿಯಲ್ಲಿ ಏನೋ ಆಯಿತು ಅಂತ ನಾನು ಬಸ್‌ಸ್ಟ್ಯಾಂಡಿನಲ್ಲೇ ನಿಂತುಬಿಡುತ್ತೇನೆ.

ನಿನ್ನ ಮನೆಯ ಒಲೆ ತಣ್ಣಗಾಗದಿರಲಿ, ಮಗಳ ಓದು ನನ್ನದರ ಹಾಗೆ ನಡುವೆ ಕಡಿಯದಿರಲಿ, ಅಳಿಯಂದಿರು ಗಣಿಗೆ ಹೋದ ಕಾಲಲ್ಲೇ ಸುಖವಾಗಿ ಮನೆಗೆ ಬರಲಿ.

ನಿಮ್ಮಪ್ಪ,
ಗವಿಸಿದ್ದಪ್ಪ, ಆಪರೇಟರ್

ಮ.ವಿ.: ಕಾಗದ ಅಂಟಿಸಿ ಪೋಸ್ಟಾಫೀಸಿನ ತನಕ ಹೋಗಿ ತಿರುಗಿ ಬಂದೆ. ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಬಂದಾಗ ಹೇಳುತ್ತೇನೆ ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನೀನು ಎದುರು ಕೂತರೆ ನಾನು ಮತ್ತೆ "ಊಟ ಆತೇನವಾ" ಅಂತಲೇ ಕೇಳುತ್ತೇನೆ.

ನಿನಗೆ ಆಗ ಐದು ತುಂಬಿ ಆರು. ನಿಮ್ಮವ್ವ ಹೊಳೆಮ್ಮನನ್ನು ಹೆರಿಗೆಗೆ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದೆ. ಮಂಗಳವಾರ ಕೂಸೂ ಹೋಯಿತು, ಆಕೆಯೂ ಹೋದಳು. ಆಕೆಯ ತವರಿನವರು ಸಂಡೂರಿಗೆ ಒಯ್ದು ಅಲ್ಲೇ ಮಣ್ಣು ಮಾಡಿದರು. ನಿನ್ನನ್ನು ಪಕೀರಮ್ಮನ ಹತ್ತಿರ ಬಿಟ್ಟು ಹೋಗಿದ್ದೆ. ಬಂದಾಗ ಅವ್ವ ಎಲ್ಲಿ ಅಂತ ನೀನು ಕೇಳಿದೆ. "ಸಂಡೂರಿಗೆ ಹೋಗ್ಯಾಳವ್ವ" ಅಂದೆ. ಅದು ಪೂರ್ತಿ ಸುಳ್ಳಲ್ಲ ಅಂತ ಆಗ ಸಮಾಧಾನ ಮಾಡಿಕೊಂಡಿದ್ದೆ.

ಆ ಶುಕ್ರವಾರವೇ ಈ ಪಿಚ್ಚರ್ ಬಂತು. ಬೆಳಿಗ್ಗೆ ಒಬ್ಬನೇ ಹಾಕಿ ನೋಡಿದೆ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ನೀನು ಟಾಕೀಸಿನಲ್ಲೇ ಇರುವವಳು, ಮಧ್ಯಾಹ್ನ ಅದನ್ನು ನೋಡುವವಳು. ಬ್ಲೇಡು ಹಿಡಿದೆ. ಪಿಚ್ಚರಿನ ತಾಯಿ ಸೆರಗು ಹಿಂಡುವುದು ಥೇಟ್ ನಿಮ್ಮವ್ವನ ಹಾಗೆ. ನೀನೂ ಗುರುತು ಹಿಡಿದೆ. ಇಂಟರ್ವಲ್ ಆದಮೇಲೆ ಕ್ಯಾಬಿನ್ನಿಗೆ ಓಡಿ ಬಂದು, "ಅಪ್ಪಾ, ಆ ಅವ್ವ ಮತ್ತ ಯಾವಾಗ ಬರ್ತಾಳ?" ಅಂದೆ. "ಮುಂದಿನ ರೀಲಿನಾಗ ಬರ್ತಾಳ, ಹೋಗಿ ಕುಂದ್ರು" ಅಂತ ನಾನಂದೆ. ಐದು ವಾರ, ದಿನಾ ನೀನು ಅದನ್ನೇ ಕೇಳಿದೆ, ದಿನಾ ನಾನು ಅದನ್ನೇ ಹೇಳಿದೆ. ನೀನು ದಿನಾ ಕೆಳಗಿಳಿದು ಹೋಗಿ ಪರದೆ ನೋಡುತ್ತಾ ಕೂತೆ.

ಮುಂದೆ ಯಾರೋ ನಿನಗೆ ಹೇಳಿದರು. ಶಾಲೆಯಿಂದ ಬಂದ ನಿನ್ನ ಮುಖ ನೋಡಿದಾಗಲೇ ಗೊತ್ತಾಯಿತು. ಆಮೇಲೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ.

ನಿಮ್ಮವ್ವ ಸತ್ತಳು ಯವ್ವಾ. ಇದನ್ನು ನಿನಗೆ ಮೊದಲನೇ ಸಲ ಹೇಳುತ್ತಿದ್ದೇನೆ.

ಆ ತುಂಡು ಒಣಗಿ ಸುರುಟಿಕೊಂಡಿದೆ, ಜೋಡಣೆ ನಿಲ್ಲುತ್ತದೋ ಇಲ್ಲವೋ ಹೆದರಿಕೆ. ನಡುವೆ ಕಡಿದರೆ ಬರೀ ಬಿಳಿ ಪರದೆ ಕಾಣುತ್ತದೆ. ಎದ್ದು ಹೋಗಬೇಡ. ಅಲ್ಲೇ ಕೂತಿರು. ಈ ಸಲ ನಾನೇ ಕೆಳಗೆ ಬರುತ್ತೇನೆ.