ಚಾಚಿದ ಎಡಗಾಲು

ಮನೆಯ ಯಜಮಾನರಿಗೆ, ನಡುಮನೆಯ ಗೋಡೆಗೆ ಪದಕದ ಮೊಳೆ ಹೊಡೆಯುವುದರಲ್ಲಿ ನಿಸ್ಸೀಮರಾದ ಕ್ರೀಡಾರತ್ನರಿಗೆ,

ನೀವು ಕ್ಷೇಮವೆಂದು ನನಗೆ ಗೊತ್ತು. ನಿಮ್ಮ ನಾಡಿಬಡಿತ, ನಿದ್ದೆ, ಕುಡಿದ ನೀರು ಎಲ್ಲವನ್ನೂ ನಿಮ್ಮ ಕೈಗಡಿಯಾರ ದಿನಾ ಊಟದ ಮೇಜಿನ ಮೇಲೆ ಒಪ್ಪಿಸುತ್ತದೆ, ಕೇಳುವ ಕೆಲಸವೇ ಉಳಿದಿಲ್ಲ. ನಾನು ಹೇಗಿದ್ದೇನೆ ಎಂದು ನಿಮಗೆ ಹೇಳುವ ಗಡಿಯಾರವನ್ನು ಇನ್ನೂ ಯಾರೂ ಮಾಡಿಲ್ಲವಾದ್ದರಿಂದ ಈ ಪತ್ರ.

ಒಂದೇ ಸೂರಿನಡಿ ಇರುವವಳು ಪತ್ರ ಬರೆಯುವುದೇನು ಎಂದು ನಗಬೇಡಿ. ಬಾಯಲ್ಲಿ ಹೇಳಹೊರಟರೆ ಎರಡನೆಯ ಮಾತಿಗೇ ನಿಮ್ಮ ಕಣ್ಣು ಮಣಿಕಟ್ಟಿಗೆ ಇಳಿಯುತ್ತದೆ. ಮೊನ್ನೆ ಊಟಕ್ಕೆ ಕೂತಾಗ, "ಈ ಸಲಾನೂ ಮೂರೂ ಜನ ಹೆಸ್ರು ಕೊಡೋಣ್ವಾ? ಹೋದ ವರ್ಷದ್ದು ಸರಿ ಮಾಡ್ಕೊಂಡ್ಬಿಡೋಣ" ಎಂದಿರಿ, ಉಪ್ಪು ಸ್ವಲ್ಪ ಕಮ್ಮಿಯಾಗಿದೆ ಅನ್ನುವ ಧಾಟಿಯಲ್ಲಿ. ಮಗಳು ತಟ್ಟೆಯಿಂದ ತಲೆ ಎತ್ತಿ ನನ್ನ ಮುಖ ನೋಡಿದಳು. ಯಾಕೆ ನೋಡಿದಳೆಂದು ನಿಮಗೆ ಹೊಳೆಯಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲೆ ಬಾಡಿಗೆಗಿರುವ ಎರಡು ಕೋಣೆಗಳನ್ನು ನಾನು ನೋಡಿ ಬಂದಿರುವುದು ಅವಳಿಗೆ ಗೊತ್ತು. ಗಾಳಿ ಬೆಳಕು ಚೆನ್ನಾಗಿದೆ. ಬಟ್ಟೆ ಒಣಹಾಕಲು ಒಂದು ಉದ್ದನೆಯ ಬಾಲ್ಕನಿಯಿದೆ. ಅಂಗಡಿಯವರಿಗೆ ಇನ್ನೂ ಮಾತು ಕೊಟ್ಟಿಲ್ಲ. ಕೊಡಬೇಕೋ ಬೇಡವೋ ಎಂಬುದೇ ಈ ಪತ್ರದ ವಿಷಯ, ಆದ್ದರಿಂದ ದಯವಿಟ್ಟು ಗಡಿಯಾರ ಬಿಚ್ಚಿಟ್ಟು ಓದಿ.

ನಿಮ್ಮ ವಿಮಾ ಕಚೇರಿಯ ಯಾವ ಪುಣ್ಯಾತ್ಮ ನಿಮ್ಮ ಕಿವಿಗೆ ಸ್ಪ್ರಿಂಟ್ ಟ್ರಯಥ್ಲಾನ್ ಎಂಬ ಹೆಸರು ಹಾಕಿದನೋ ನಾನರಿಯೆ. ಕೆರೆಯಲ್ಲಿ ಮುಕ್ಕಾಲು ಕಿಲೋಮೀಟರ್ ಈಜು, ಒದ್ದೆ ಮೈಯಲ್ಲೇ ಇಪ್ಪತ್ತು ಕಿಲೋಮೀಟರ್ ಸೈಕಲ್, ಇಳಿದವರೇ ಐದು ಕಿಲೋಮೀಟರ್ ಓಟ. ಒಳ್ಳೆಯದೇ. ಹೊಟ್ಟೆ ಕರಗಿತು, ಸಕ್ಕರೆ ಇಳಿಯಿತು, ನಾನೂ ಖುಷಿಪಟ್ಟೆ. ಆಮೇಲೆ ನೋಡಿದರೆ ಹೊಟ್ಟೆಯ ಜೊತೆಗೆ ನಮ್ಮಿಬ್ಬರನ್ನೂ ಕರಗಿಸಿಕೊಂಡಿದ್ದಿರಿ. ಸೋಫಾ ಇದ್ದ ಜಾಗಕ್ಕೆ ಸೈಕಲ್ ಬಂತು. ಅದಕ್ಕೆ ಬೇರೆ ಎಣ್ಣೆ, ಒರೆಸಲು ಬೇರೆ ಬಟ್ಟೆ, ನಾವು ಮುಟ್ಟುವ ಹಾಗಿಲ್ಲ. ಸೀಟಿನ ಕಂಬಕ್ಕೆ ಬಿಳಿ ಟೇಪ್ ಸುತ್ತಿ ನಿಮ್ಮ ಎತ್ತರದ ಗುರುತು ಮಾಡಿದಿರಿ. "ಒಂದು ಕೂದಲೆಳೆ ಆಚೀಚೆ ಆದ್ರೂ ಮಂಡಿ ಹೋಗ್ಬಿಡುತ್ತೆ, ಹುಷಾರು" ಎಂದು ನಮಗೆ ಎಚ್ಚರಿಕೆ. ಫ್ರಿಜ್ಜಿನಲ್ಲಿ ಮೊಟ್ಟೆಯ ಜಾಗಕ್ಕೆ, ಓಡುವಾಗ ಶಕ್ತಿಗೆಂದು ನೀವು ಹೀರುವ ಅಂಟಂಟು ಜೆಲ್ಲಿನ ಪೊಟ್ಟಣಗಳು ಬಂದವು. ಗಾಳಿ ತಡೆಯುತ್ತದೆಂದು ಕಾಲಿನ ಕೂದಲು ಬೋಳಿಸಲು ನನ್ನ ಕ್ರೀಮು ಖಾಲಿಯಾಯಿತು.

ಹೋಗಲಿ, ಇಷ್ಟೆಲ್ಲ ಮಾಡಿ ಗೆದ್ದದ್ದೇನು? ಪ್ರತಿ ಸಲವೂ ಎಲ್ಲೋ ನಡುವಿನಲ್ಲಿ ಬಂದಿರಿ. ನಿಮ್ಮ ಮುಂದೆಯೂ ಬೇಕಾದಷ್ಟು ಜನ, ಹಿಂದೆಯೂ ಬೇಕಾದಷ್ಟು ಜನ. ಓಡಿ ಮುಗಿಸಿದವರಿಗೆಲ್ಲ ಕೊರಳಿಗೆ ಹಾಕಿ ಕಳಿಸುವ ಪದಕವನ್ನು ತಂದು ಬಾಗಿಲಿಗೆ ಎದುರಾಗಿ ನೇತು ಹಾಕಿದಿರಿ. ಎದುರು ಮನೆಯ ಆಂಟಿ ಬಂದು, "ಅಬ್ಬಬ್ಬಾ, ಇಷ್ಟೊಂದು ಗೆದ್ದಿದಾರಾ?" ಎಂದು ಬೆರಗಾದಾಗ ನೀವು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ, ವಿನಯದಿಂದ ಒಂದು ನಗೆ ನಕ್ಕಿರಿ. ಆ ನಗೆ ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಹೊರಗಿನಿಂದ ಬೀಗ ಜಡಿದುಕೊಂಡು ಸೈಕಲ್ ತುಳಿಯಲು ಹೋದಿರಿ. ಡ್ಯೂಟಿಗೆ ಹೊತ್ತಾಗುತ್ತಿದೆ, ನಾನು ಸೀರೆಯುಟ್ಟು, ಚೀಲ ಹೆಗಲಿಗೆ ಹಾಕಿ, ಒಳಗೆ ಕೂತಿದ್ದೇನೆ. ಬಂದವರು ಬೀಗ ತೆಗೆದು, "ಅರೆ, ನೀನು ಇನ್ನೂ ಹೊರಟಿಲ್ವಾ?" ಎಂದು ಕೇಳಿದಿರಿ. ಅದನ್ನು ನಾನು ಆಸ್ಪತ್ರೆಯಲ್ಲಿ ತಮಾಷೆಯಾಗಿಯೇ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಂಡನ ವಿಷಯದಲ್ಲಿ ಹೀಗೆ ನಕ್ಕು ನಕ್ಕು ಎಷ್ಟೋ ವರ್ಷ ತಳ್ಳಬಹುದು ನೋಡಿ.

ಹೋದ ವರ್ಷ ಮೂವರೂ ಸೇರಿ ರಿಲೇ ಮಾಡೋಣ ಎಂದವಳು ಮಗಳು. "ಮೂರು ಜನ, ಮೂರು ಭಾಗ. ನಾನು ಈಜ್ತೀನಿ, ಅಪ್ಪ ಸೈಕಲ್, ಅಮ್ಮ ಓಡ್ಲಿ. ಒಂದ್ಸಲನಾದ್ರೂ ಒಟ್ಟಿಗೆ ಏನಾದ್ರೂ ಮಾಡೋಣಪ್ಪಾ" ಎಂದಳು. ನೀರು ಕಂಡರೆ ಕಪ್ಪೆಯ ಹಾಗೆ ಹಾರುವ ಹುಡುಗಿ, ಅಪ್ಪನ ಬಾಯಿಂದ ಒಂದು ಶಹಬ್ಬಾಸ್ ಬರಲಿ ಎಂದು ಅವಳ ಆಸೆ. ತಂಡಕ್ಕೆ 'ಒಂದೇ ಮನೆ' ಎಂದು ಹೆಸರಿಟ್ಟವಳೂ ಅವಳೇ. ನೀವೇನೆಂದಿರಿ ನೆನಪಿದೆಯೇ? "ನಿಮ್ಮಮ್ಮನಾ? ಬಸ್ಸಿಗೂ ಓಡಲ್ವಲ್ಲೇ ಅವ್ಳು." ಬಸ್ಸಿಗೆ ಓಡದಿರುವುದು ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಡುವವರ ಲಕ್ಷಣ ಎಂದು ನಾನು ಆಗ ಹೇಳಬೇಕಿತ್ತು. ಮಾತು ಬಾಯಿಗೆ ಬರುವಷ್ಟರಲ್ಲಿ ನೀವು ಟೈರಿಗೆ ಗಾಳಿ ಹೊಡೆಯಲು ಶುರು ಮಾಡಿದ್ದಿರಿ.

ನಾನು ಓಡಿದೆ. ನಿಮಗೆ ಹೇಳದೆ, ಡ್ಯೂಟಿ ಮುಗಿಸಿ, ಆಸ್ಪತ್ರೆಯ ಕಾಂಪೌಂಡಿನ ಸುತ್ತ. ದಿನವಿಡೀ ಎಕ್ಸ್‌ರೇ ಕೋಣೆಯಲ್ಲಿ ಜನರಿಗೆ "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಅನ್ನುವವಳು ಉಸಿರು ಬಿಡುತ್ತಾ ಅಲ್ಲಾಡತೊಡಗಿದೆ. ಮೊದಲ ವಾರ ಲಾಂಡ್ರಿಯ ಗೋಡೆ ಬರುವಷ್ಟರಲ್ಲಿ ಪ್ರಾಣ ಬಾಯಿಗೆ ಬರುತ್ತಿತ್ತು. ಆಂಬುಲೆನ್ಸ್ ಓಡಿಸುವವರು ಕಿಟಕಿಯಿಂದ ತಲೆ ಹಾಕಿ, "ಯಾರು ಮೇಡಂ ಅಟ್ಟಿಸ್ಕೊಂಡು ಬರ್ತಿರೋದು?" ಎಂದು ಕೇಳುತ್ತಿದ್ದರು. ಮೂರು ತಿಂಗಳಾದ ಮೇಲೆ ಅದೇ ಮನುಷ್ಯ, "ಬಿಡಿ ಮೇಡಂ, ಇನ್ಮೇಲೆ ಯಾರಿಗೂ ಸಿಗಲ್ಲ ನೀವು" ಎಂದರು. ಆ ದಿನ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನನ್ನ ಕಾಲುಗಳನ್ನು ನಾನೇ ನೋಡಿಕೊಂಡೆ. ಎಷ್ಟು ಖುಷಿಯಾಯಿತೆಂದರೆ ನಿಮಗೆ ಹೇಳಬೇಕೆಂದು ನಡುಮನೆಗೆ ಬಂದೆ. ನೀವು ಸೈಕಲ್ಲಿನ ಸರಪಳಿ ತೊಳೆಯುತ್ತಿದ್ದಿರಿ. "ಆ ಬ್ರಷ್ ಕೊಡೇ ಇಲ್ಲಿ" ಎಂದಿರಿ. ಕೊಟ್ಟೆ.

ಈ ರಿಲೇಯಲ್ಲಿ, ಬರಿಯ ಓಟದ ರಿಲೇಯ ಹಾಗೆ, ಕೈಯಿಂದ ಕೈಗೆ ಕೊಡುವ ಕೋಲು ಇರುವುದಿಲ್ಲ. ಸಮಯ ಅಳೆಯುವ ಚಿಪ್ ಇರುವ ಒಂದು ಪಟ್ಟಿಯನ್ನು ಎಡಗಾಲಿಗೆ ಕಟ್ಟಿರುತ್ತಾರೆ, ಅದನ್ನೇ ಒಬ್ಬರ ಕಾಲಿಂದ ಬಿಚ್ಚಿ ಇನ್ನೊಬ್ಬರ ಕಾಲಿಗೆ ಕಟ್ಟಬೇಕು. ಅದನ್ನು ಕಟ್ಟಿಕೊಂಡವರೇ ತಂಡ, ಕಟ್ಟಿಕೊಳ್ಳದವರು ದಾರಿಹೋಕರು. ನಡುಮನೆಯಲ್ಲಿ ಹಳೆಯ ಕಾಲುಚೀಲದ ಎಲಾಸ್ಟಿಕ್ ಇಟ್ಟುಕೊಂಡು ಅಭ್ಯಾಸ ಮಾಡಿದೆವು. "ನಾನು ನಿಲ್ತೀನಿ, ನೀನು ಬಗ್ಗಿ ಬಿಚ್ಕೋ" ಎಂದಿರಿ. ನಾನು ಬಗ್ಗಿದೆ, ಬಿಚ್ಚಿದೆ, ಕಟ್ಟಿಕೊಂಡೆ. ಮಗಳು ತಡೆದಳು. "ಅಪ್ಪಾ, ನೀನೇ ಬಗ್ಗಿ ಅಮ್ಮನ ಕಾಲಿಗೆ ಕಟ್ಟು. ಅವಳು ಹೊರಡೋಕೆ ರೆಡಿ ನಿಂತಿರ್ತಾಳೆ, ಬೇಗ ಆಗುತ್ತೆ." ನೀವು ಸೊಂಟದ ನೆಪ ಹೇಳಿದಿರಿ, ಸೈಕಲ್ ತುಳಿದು ಬಂದವನ ತೊಡೆ ಹಿಡಿದುಕೊಳ್ಳುತ್ತದೆ ಎಂದಿರಿ. ಅವಳು ಬಿಡಲಿಲ್ಲ. ಕೊನೆಗೆ ಬಗ್ಗಿದಿರಿ. ಮದುವೆಯಾದಂದಿನಿಂದ ನೀವು ನನ್ನ ಮುಂದೆ ಮಂಡಿಯೂರಿದ್ದು ಅದೇ ಮೊದಲು, ಅದೂ ಎಲಾಸ್ಟಿಕ್ಕಿನ ದೆಸೆಯಿಂದ. ನನಗೆ ನಾಚಿಕೆಯಾಯಿತು, ಹಿತವೂ ಆಯಿತು. ಸುಳ್ಳು ಯಾಕೆ ಹೇಳಲಿ, ಆ ಸಂಜೆ ನಿಮ್ಮ ಮೇಲೆ ಹಳೆಯ ಪ್ರೀತಿ ಬಂದಿತ್ತು.

ಸ್ಪರ್ಧೆಯ ಬೆಳಿಗ್ಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಮ್ಮ ಟವೆಲಿನ ಮೇಲೆ ಓಟದ ಶೂ ಜೋಡಿಸಿಟ್ಟಿದ್ದಿರಿ. "ನಿಮಗ್ಯಾಕ್ರೀ ಓಟದ ಶೂ?" ಎಂದು ಕೇಳಿದೆ. "ಇರ್ಲಿ ಬಿಡೇ, ಅಭ್ಯಾಸ" ಎಂದಿರಿ. ನಾನು ಅಷ್ಟಕ್ಕೇ ಬಿಟ್ಟೆ.

ಮಗಳು ಹೇಗೆ ಈಜಿದಳು ಎಂದು ನೀವು ಇವತ್ತಿನವರೆಗೂ ಕೇಳಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ರಿಲೇ ತಂಡಗಳಲ್ಲಿ ಕೆರೆಯಿಂದ ಮೊದಲು ಎದ್ದು ಬಂದವಳು ಅವಳು. ಬಾಯಲ್ಲಿ ನೀರು, ಮೂಗಲ್ಲಿ ನೀರು, ಮುಖದ ತುಂಬ ನಗು. ಪಟ್ಟಿ ನಿಮ್ಮ ಕಾಲಿಗೆ ಕಟ್ಟಿ ನಿಮ್ಮ ಬೆನ್ನಿಗೊಂದು ಗುದ್ದಿದಳು. ನೀವು ಹಾರಿದಿರಿ. ಚೆನ್ನಾಗಿಯೇ ತುಳಿದಿರಿ, ಅದನ್ನು ಇಲ್ಲವೆನ್ನುವುದಿಲ್ಲ. ನಾನು ರಿಲೇಯವರಿಗೆಂದು ಹಗ್ಗ ಕಟ್ಟಿದ ಆವರಣದಲ್ಲಿ ನಿಂತಿದ್ದೆ. ಪಕ್ಕದಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಅಳಿಯನಿಗಾಗಿ ಕಾಯುತ್ತಿದ್ದರು. ದೂರದಲ್ಲಿ ನಿಮ್ಮ ಹಳದಿ ಹೆಲ್ಮೆಟ್ ಕಂಡದ್ದೇ ಮಗಳು, "ಅಮ್ಮಾ, ಕಾಲು" ಎಂದಳು. ನಾನು ಎಡಗಾಲು ಚಾಚಿದೆ.

ನೀವು ಸೈಕಲ್ ಇಳಿದಿರಿ, ಕಂಬಿಗೆ ತೂಗುಹಾಕಿದಿರಿ, ಹೆಲ್ಮೆಟ್ ಬಿಚ್ಚಿದಿರಿ. ಕೂತು ಓಟದ ಶೂ ಹಾಕಿಕೊಂಡಿರಿ. ಮಗಳು "ಅಪ್ಪಾ" ಎಂದು ಗಂಟಲು ಹರಿಯುವಂತೆ ಕೂಗಿದಳು. ನೀವು ನಮ್ಮ ಕಡೆ ನೋಡಿ ಹೆಬ್ಬೆರಳೆತ್ತಿ ತೋರಿಸಿದಿರಿ, ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡು. ಆಮೇಲೆ ಓಟದ ದಾರಿ ಹಿಡಿದಿರಿ, ಪಟ್ಟಿ ಕಾಲಲ್ಲೇ.

ಪೋಸ್ಟ್‌ಮ್ಯಾನ್ ನನ್ನ ಕಡೆ ತಿರುಗಿ, "ಅವ್ರು ನಿಮ್ಮೋರೇ ಅಲ್ವೇನಮ್ಮಾ? ಹೊರಟೇ ಹೋದ್ರಲ್ಲ" ಎಂದರು. ನಾನಿನ್ನೂ ಕಾಲು ಚಾಚಿಕೊಂಡೇ ಇದ್ದೆ. ಹಿಂದೆ ಎಳೆದುಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ಹಾಗೇ ಓಡಿಬಿಡಲೇ ಎಂದು ರೆಫರಿಯನ್ನು ಕೇಳಿದೆ. "ಚಿಪ್ ಇಲ್ದೆ ಬಿಡೋಕಾಗಲ್ಲ ಮೇಡಂ" ಎಂದರು, ಪಾಪ, ಮೆತ್ತಗೆ. ಒಬ್ಬೊಬ್ಬರೇ ಬಂದರು, ಬಗ್ಗಿದರು, ಕಟ್ಟಿದರು, ಹೋದರು. ಪೋಸ್ಟ್‌ಮ್ಯಾನರೂ ಹೋದರು. ಹಗ್ಗದೊಳಗೆ ನಾನೊಬ್ಬಳೇ ಉಳಿದೆ, ತಿಂಗಳುಗಟ್ಟಲೆ ಓಡಿ ಗಟ್ಟಿ ಮಾಡಿಕೊಂಡ ಎರಡು ಕಾಲುಗಳ ಮೇಲೆ. ಅಷ್ಟು ಜನರ ನಡುವೆ ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ.

ನೀವು ಗೆರೆ ದಾಟಿ ಎರಡೂ ಕೈ ಮೇಲೆತ್ತಿದಿರಿ. ಮೈಕಿನವರು 'ಒಂದೇ ಮನೆ' ಎಂದು ಕೂಗಿದರು, ಆಮೇಲೆ, ಮೂರನೆಯವರು ಓಡಲೇ ಇಲ್ಲವೆಂದು, ಅವರೇ ಆ ಹೆಸರನ್ನು ಫಲಿತಾಂಶದಿಂದ ತೆಗೆದುಹಾಕಿದರು. ನೀವು ಬಂದು ಹೇಳಿದ್ದು ಅಕ್ಷರಶಃ ನೆನಪಿದೆ. "ಅಯ್ಯೋ, ಮರ್ತೇಹೋಯ್ತು ಕಣೇ. ಅಭ್ಯಾಸಬಲ." ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಅದನ್ನೂ ಆಸ್ಪತ್ರೆಯಲ್ಲಿ ಹೇಳಿ ನಗಿಸುತ್ತಿದ್ದೆ. ನೀವು ಗಡಿಯಾರ ನೋಡಿಕೊಂಡಿರಿ. "ಆದ್ರೆ ಇಲ್ನೋಡು, ಐದು ಕಿಲೋಮೀಟರ್ ಯಾವತ್ತೂ ಇಷ್ಟು ಬೇಗ ಓಡಿರ್ಲಿಲ್ಲ ನಾನು."

ಓಡಿರಲಿಲ್ಲ ನಿಜ. ಈಜಿ ದಣಿದಿರಲಿಲ್ಲವಲ್ಲ ನೀವು. ಈಜಿದ್ದವಳು ಮಗಳು. ಅದೂ ನಿಮ್ಮ ತಲೆಗೆ ಹೋಗಲಿಲ್ಲ. ಅವಳು ಟವೆಲ್ ಹೊದ್ದು ನಿಂತು ನಿಮ್ಮನ್ನೇ ನೋಡುತ್ತಿದ್ದಳು. ಮನೆಗೆ ಬಂದವಳೇ ತೋಳಿನ ಮೇಲೆ ಮಾರ್ಕರಿನಲ್ಲಿ ಬರೆದಿದ್ದ ತಂಡದ ನಂಬರನ್ನು ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ನೀವು ಮಾತ್ರ ಕಚೇರಿಯಲ್ಲಿ, ನೆಂಟರ ಮನೆಯಲ್ಲಿ, ಕಂಡಕಂಡಲ್ಲಿ ಅದನ್ನೊಂದು ಹಾಸ್ಯಪ್ರಸಂಗ ಮಾಡಿಕೊಂಡು ತಿರುಗಿದಿರಿ. "ಇವ್ಳು ಪಾಪ ಕಾಲು ಚಾಚ್ಕೊಂಡು ಕೊಕ್ಕರೆ ಥರ ನಿಂತಿದ್ಲು." ಎಲ್ಲರೂ ನಕ್ಕರು. ಆಗ ನನಗೆ ನಗು ಬರಲಿಲ್ಲ. ನಿಮ್ಮನ್ನು ಕಂಡರೆ ಸಿಟ್ಟೂ ಬರಲಿಲ್ಲ, ಅಸಹ್ಯವಾಯಿತು.

ನಿಮ್ಮನ್ನು ಕೆಟ್ಟವರೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಕುಡಿಯುವುದಿಲ್ಲ, ಬಡಿಯುವುದಿಲ್ಲ. ಕೆಟ್ಟವರಾಗಬೇಕಾದರೂ ಎದುರಿಗೆ ಇನ್ನೊಬ್ಬರು ಇದ್ದಾರೆ ಎಂಬ ಅರಿವು ಬೇಕಾಗುತ್ತದೆ. ನೀವು ಅಷ್ಟು ದೂರ ಬಂದವರಲ್ಲ. ಔಷಧಿ ಅಂಗಡಿಯ ಮೇಲಿನ ಕೋಣೆಗಳನ್ನು ನೋಡಲು ಹತ್ತಿದಾಗ ನನಗೆ ಅಳು ಬರಬಹುದೆಂದುಕೊಂಡಿದ್ದೆ. ಬರಲಿಲ್ಲ. ಇಲ್ಲಿ ಸೈಕಲ್ ಎಲ್ಲೂ ಹಿಡಿಸುವುದಿಲ್ಲವಲ್ಲ ಎಂದು ನೆಮ್ಮದಿಯಾಯಿತು.

ಕೆಳಗಿಳಿಯುವಾಗ ಜೊತೆಗೆ ಬಂದಿದ್ದ ಮಗಳು ಕೇಳಿದಳು, "ಅಮ್ಮಾ, ಅಪ್ಪನಿಗೆ ಇನ್ನೊಂದ್ಸಲ ಚಾನ್ಸ್ ಕೊಡಲ್ವಾ?" ನನಗಾಗಿ ಅಲ್ಲದಿದ್ದರೂ ಅವಳಿಗಾಗಿ ಕೊಡುತ್ತಿದ್ದೇನೆ. ಹೆಸರು ಕೊಟ್ಟಾಯಿತು, ತಂಡದ ಹೆಸರು ಹಳೆಯದೇ, ಬರುವ ಭಾನುವಾರ. ಈಜು ಅವಳದು. ಸೈಕಲ್ ನನ್ನದು. ಓಟ ನಿಮ್ಮದು.

ನಿನಗೆಲ್ಲಿ ಬರುತ್ತೆ ಸೈಕಲ್ಲು ಎನ್ನುತ್ತೀರಿ. ವಾರವಾರ ನೀವು ಆಡಿಟ್ಟಿಗೆಂದು ಬೇರೆ ಊರಿಗೆ ಹೋದ ದಿನಗಳಲ್ಲಿ ನಿಮ್ಮ ದೇವರನ್ನು ನಾನು ಹೊರಗೆ ಕರೆದೊಯ್ಯುತ್ತಿದ್ದೇನೆ. ಮಗಳು ಹಿಂದೆ ಹಿಡಿದುಕೊಂಡು ಓಡಿದಳು, ಎರಡು ಸಲ ಬಿದ್ದೆ, ಮೊಣಕೈ ತರಚಿದ್ದಕ್ಕೆ ಕಾರಣ ಏನೆಂದು ನೀವು ಕೇಳಲಿಲ್ಲ. ಪ್ರತಿ ಸಲವೂ ಒರೆಸಿ, ಸೀಟನ್ನು ನಿಮ್ಮ ಬಿಳಿ ಟೇಪಿನ ಗುರುತಿಗೇ ಏರಿಸಿ ಇಟ್ಟೆ. ಒಮ್ಮೆ ಕೂದಲೆಳೆಯಷ್ಟು ತಪ್ಪಿತ್ತು. "ಯಾರಾದ್ರೂ ಸೀಟ್ ಮುಟ್ಟಿದ್ರಾ?" ಎಂದು ಮನೆ ಹಾರಿಹೋಗುವಂತೆ ಕೂಗಿದಿರಿ. ನನ್ನ ಬಗ್ಗೆ ಅಷ್ಟು ಗಮನ ಇಟ್ಟಿದ್ದರೆ ಈ ಪತ್ರಕ್ಕೆ ಕಾರಣವೇ ಇರುತ್ತಿರಲಿಲ್ಲ.

ಈ ಬೆಳಿಗ್ಗೆ ಸೀಟು ಇಳಿಸಿದ್ದೇನೆ. ಮತ್ತೆ ಏರಿಸಿಲ್ಲ. ನಿಮ್ಮ ಟೇಪನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ್ದೇನೆ.

ಭಾನುವಾರ ಹಗ್ಗ ಕಟ್ಟಿದ ಆವರಣದಲ್ಲಿ ಹೋಗಿ ನಿಲ್ಲಿ. ಪಕ್ಕದವರು ಮಾತಾಡಿಸಿದರೆ ಮಾತಾಡಿ. ನಾನು ಬರುವುದು ಕಂಡಾಗ ಎಡಗಾಲು ಮುಂದೆ ಚಾಚಿ. ನಾನು ಬಗ್ಗಿ ಕಟ್ಟಿದರೆ ನೀವು ಓಡಬಹುದು, ಔಷಧಿ ಅಂಗಡಿಯವರಿಗೆ ಬೇಡವೆಂದು ಹೇಳಿಬಿಡುತ್ತೇನೆ. ಕಟ್ಟದೆ ನಾನೇ ಓಡಿದರೆ ಅವರಿಗೆ ಮಾತು ಕೊಟ್ಟೆನೆಂದು ತಿಳಿಯಿರಿ. ಅಲ್ಲಿಗೆ ಬಂದು ಇಳಿದ ಮೇಲೆ ನನ್ನ ಕಾಲು ಯಾವ ಕಡೆ ಹೋಗುತ್ತದೋ ನನಗೂ ಗೊತ್ತಿಲ್ಲ. ಓಟದ ಶೂ ನಾನೂ ಟವೆಲಿನ ಮೇಲೆ ಜೋಡಿಸಿಟ್ಟಿರುತ್ತೇನೆ.

ದೇವರು ನಿಮಗೆ ಕಾಯುವ ತಾಳ್ಮೆಯನ್ನೂ, ಅಷ್ಟು ಹೊತ್ತು ಚಾಚಿ ನಿಲ್ಲುವ ಶಕ್ತಿಯನ್ನು ಎಡಗಾಲಿಗೂ ಕೊಡಲಿ.

ಇಂತಿ,
ಕಳೆದ ವರ್ಷ ಅಲ್ಲಿ ನಿಂತಿದ್ದವಳು