ಎರಿಭೂತದ ಊರಿಗೆ ಗುಡಾರ ಹೊತ್ತು

ಅಣ್ಣಾ, ಅಲ್ಲಿ ಕೂತು ಓದುವಾಗ ಪಕ್ಕದವರಿಗೆ ಕೇಳುವ ಹಾಗೆ ನಗಬೇಡ,

ರಾಜಸ್ಥಾನದ ಮರುಭೂಮಿಯನ್ನು ಬರಿಗಾಲಲ್ಲಿ ಮೂರು ಸಲ ದಾಟಿದವನು ಈ ನಿನ್ನ ತಮ್ಮ. ದಾರಿ ತಪ್ಪಿದ ಒಂಟೆಗಳು ನನ್ನನ್ನೇ ಕೇಳಿಕೊಂಡು ಊರು ಸೇರುತ್ತಿದ್ದವು. ಶಹಾಪುರದ ಚಹಾದಂಗಡಿಯಲ್ಲಿ ಹೀಗೆಂದರೆ ಈಗ ಯಾರೂ ತಡೆಯುವುದಿಲ್ಲ. "ಸೊಲ್ಲಾಪುರದ ಆಚಿ ಹೋಗಿಲ್ಲಪಾ ಇಂವ" ಎಂದು ತಡೆಯುತ್ತಿದ್ದವನು ನೀನೊಬ್ಬನೇ. ತಡೆಯುವವನಿಲ್ಲದೆ ಸುಳ್ಳು ಹೇಳುವುದರಲ್ಲಿ ಏನು ರುಚಿ?

ದೇವಾಪುರದ ಹೊಲದ ಆ ಬೆಳಗು ನೆನಪಿದೆಯೇ? ನಾವಿನ್ನೂ ಹುಡುಗರು. ಕರಿ ಎರಿಮಣ್ಣಿನ ಆಚೆ, ಬದುವಿನ ಗುಂಟ, ಉದ್ದ ಕತ್ತಿನ ದೊಡ್ಡ ಹಕ್ಕಿಯೊಂದು ಸಾಹುಕಾರನ ಹಾಗೆ ನಡೆದು ಹೋಯಿತು. ಅಪ್ಪ ಅದನ್ನು ಎರಿಭೂತ ಎನ್ನುತ್ತಿದ್ದ. ಭೂತ ಎಂದ ಮೇಲೆ ನಾನು ಓಡಿದೆ, ನೀನು ನಿಂತು ನೋಡಿದೆ. ಆಮೇಲೆ ಅದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಜೈಸಲ್ಮೇರದ ಕಡೆ, ಮರುಭೂಮಿಯ ರಾಷ್ಟ್ರೀಯ ಉದ್ಯಾನದಲ್ಲಿ ಇನ್ನೂ ಉಳಿದಿದೆ ಎಂದು ಪೇಪರಿನಲ್ಲಿ ಓದಿದ ದಿನ ನೀನು ನಿನ್ನಾಕೆಯನ್ನು, ನನ್ನ ವೈನಿಯನ್ನು, ಕೇಳಿದೆ, ಹೋಗೋಣವೇ ಎಂದು. "ಒಂದು ಹಕ್ಕಿ ನೋಡಾಕ ಅಷ್ಟು ದೂರ ಯಾರು ಹೋಗ್ತಾರ್ರಿ" ಎಂದುಬಿಟ್ಟರು. ನೀನು ಮತ್ತೆ ಕೇಳಲಿಲ್ಲ. ಮುಂದೆ ಕೇಳಲು ನೀನೇ...

ನಿನ್ನ ವರ್ಷದ ಕಾರ್ಯ ಮುಗಿದ ಮರುದಿನ ನಿನ್ನ ಮಗಳು ಕವಿತಾ ನನ್ನನ್ನು ಪಡಸಾಲೆಯ ಮೂಲೆಗೆ ಕರೆದಳು. ಅವ್ವ ವರ್ಷದಿಂದ ಅಂಗಳ ದಾಟಿಲ್ಲ, ಅಂದು ಅಪ್ಪನಿಗೆ ಒಲ್ಲೆ ಎಂದದ್ದನ್ನೇ ನೆನೆದು ಕೂರುತ್ತಾಳೆ, ಅವಳನ್ನು ಆ ಹಕ್ಕಿಯ ಹತ್ತಿರ ಕರೆದೊಯ್ಯೋಣ ಎಂದಳು. ಇಂಥ ಕೆಲಸಕ್ಕೆ ನನಗಿಂತ ಗಟ್ಟಿ ಆಳು ಜಿಲ್ಲೆಯಲ್ಲಿ ಉಂಟೇ?

ಅಲ್ಲಿ ಮಲಗಲೆಂದು ತರಿಸಿದ ಗುಡಾರ ಬಂದ ಭಾನುವಾರ ಅದನ್ನು ಅಂಗಳದಲ್ಲೇ ಕಟ್ಟಿ ತೋರಿಸಿದೆ. ಒಳಗೆ ಹೋಗಿ ಜಿಪ್ ಎಳೆದುಕೊಂಡೆ, ಅಣ್ಣಾ, ತಿರುಗಿ ಅದು ಕೈಗೆ ಸಿಗಲಿಲ್ಲ. ಹೊರಗೆ ವೈನಿ ಚಹಾ ಹಿಡಿದು ನಿಂತಿದ್ದರು.

"ಏನಪಾ, ಮರುಭೂಮಿ ದಾಟಿದಾಂವ, ಬಾಗಲಾ ಸಿಗವಲ್ತೇನು?"

ಎಷ್ಟು ತಿಂಗಳಾಗಿತ್ತು ಅವರ ನಗು ಕೇಳಿ! ಆದರೂ ಬಾ ಎಂದರೆ ನಾ ಒಲ್ಲೆ, ನೀವು ಹೋಗಿಬರ್ರಿ ಎಂದೇ ಹಟ.

ಯಾದಗಿರಿ ಸ್ಟೇಶನ್ನಿನ ಮುಂದೆ ಒಬ್ಬ ಬಿಳಿ ಪ್ಯಾಂಟಿನವನು ಸಿಕ್ಕ. ಉದ್ಯಾನದ ನಡುವೆಯೇ ಗುಡಾರ ಹಾಕಿಸುತ್ತೇನೆ, ಬೆಳಗಾದರೆ ಹಕ್ಕಿ ಬಾಗಿಲಿಗೇ ಬರುತ್ತದೆ ಎಂದ. ನನಗಿಂತ ಚೆನ್ನಾಗಿ ಸುಳ್ಳು ಹೇಳುವವನನ್ನು ನಾನು ಎಂದೂ ಕಂಡಿರಲಿಲ್ಲ, ಹಾಗಾಗಿ ನಂಬಿದೆ. ಚೀಟಿ ಕೇಳದೆ ರೊಕ್ಕ ಎಣಿಸಿ ಕೊಟ್ಟೆ. ಕವಿತಾ ಅಲ್ಲಿನ ಅರಣ್ಯ ಕಚೇರಿಗೆ ಫೋನು ಮಾಡಿದಾಗ ಗೊತ್ತಾಯಿತು: ಒಳಗೆ ಹಾಗೆಲ್ಲ ಗುಡಾರ ಹಾಕುವಂತಿಲ್ಲ, ಪಕ್ಕದ ಹಳ್ಳಿಯಲ್ಲಿ ಇಳಿದುಕೊಂಡು, ಪರವಾನಗಿ ಪಡೆದು ಬೆಳಿಗ್ಗೆ ಒಳಗೆ ಹೋಗಬೇಕು. ಬಿಳಿ ಪ್ಯಾಂಟಿನವನ ಫೋನು ಅಂದಿನಿಂದ ಬಂದ್.

ತಲೆ ತಗ್ಗಿಸಿ ವೈನಿಗೆ ಹೇಳಿದ ಆ ಸಂಜೆ ನೀನು ಇರಬೇಕಿತ್ತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಕೇಳಿದರು:

"ಯಾದಗಿರ್‍ಯಾಗ ಹಿಂಗ ಮಾಡಿಕೊಂಡಾಂವ ಜೈಸಲ್ಮೇರದಾಗ ಏನು ಮಾಡ್ಕೋತಿ? ನಿನ್ನ ಕೈಯಾಗ ಹುಡಿಗೀನ ಕೊಟ್ಟು ಕಳಿಸಿದ್ರ ನಿಮ್ಮಣ್ಣಾರು ನನಗ ಬಿಡ್ತಾರೇನು? ಎಷ್ಟು ದಿನದ ಹಾದಿ?"

ಮರುದಿನ ನಾನು ಎದ್ದದ್ದೇ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಪ್ರಯಾಣಕ್ಕೆ ಒಪ್ಪಿದೆ ಎಂದು ನಮ್ಮ ಹೆಂಗಸರು ಬಾಯಿಬಿಟ್ಟು ಹೇಳುವುದುಂಟೇ? ತಿಂಗಳಾದರೂ ಕೆಡದ ಖಡಕ್ ರೊಟ್ಟಿ ಬುಟ್ಟಿಯ ತುಂಬ, ಮೇಲೆ ಶೇಂಗಾ ಹಿಂಡಿ. ಸಂಜೆ ತಾವೇ ಅಂಗಳ ದಾಟಿ, ದಪ್ಪ ಕಂಬಳಿ ತರಲು ಬಜಾರಕ್ಕೆ ಹೋದರು. ಮರಳುಗಾಡಿನ ಚಳಿಯ ಬಗ್ಗೆ ಈಗ ನನಗೇ ಪಾಠ ಹೇಳುತ್ತಾರೆ.

ಬರುವ ಸೋಮವಾರ ಯಾದಗಿರಿಯಿಂದ ರೈಲು. ಎರಿಭೂತ ಕಾಣುತ್ತದೋ ಇಲ್ಲವೋ, ವೈನಿ ಮಾತ್ರ ಹೊರಟಿದ್ದಾರೆ.

ಇನ್ನೊಂದು ಮಾತು, ನಿನಗಷ್ಟೇ. ಬಿಳಿ ಪ್ಯಾಂಟಿನವನು ಎಷ್ಟು ಮಂದಿ ಎಂದು ಕೇಳಿದ. ನಮ್ಮ ಮನೆಯ ರೂಢಿ, ನಾಲ್ಕು ಎಂದುಬಿಟ್ಟೆ. ಆಮೇಲೆ ತಿದ್ದಲು ನಾಲಿಗೆ ಏಳಲಿಲ್ಲ. ತಲೆಗೆ ಆರು ಸಾವಿರ. ಒಟ್ಟು ಹೋದದ್ದೇ ಆರು ಸಾವಿರ ಎಂದು ವೈನಿಗೆ ಹೇಳಿದ್ದೇನೆ. ಹೋದದ್ದು, ನಿನ್ನದೂ ಸೇರಿ, ಇಪ್ಪತ್ನಾಲ್ಕು ಸಾವಿರ.